ಹಡಗು ದೊಡ್ಡದು, ಸಿಲಿಂಡರ್ ಚಿಕ್ಕದು

ಮಗಳೇ,

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಡೈವಿಂಗಿನ ಓಪನ್ ವಾಟರ್ ಕೋರ್ಸ್ ಮುಗಿಸಿದೆ, ಅಂಡಮಾನಿಗೆ ಹೋಗಿ ಅಡ್ವಾನ್ಸ್ಡ್ ಕೂಡ ಮಾಡಿಕೊಂಡೆ. ಈಗ ಕೆಲಸದ ಮೇಲೆ ಅಮೆರಿಕಕ್ಕೆ ಹೋದವಳು, ರಜೆ ಹಾಕಿ ಫ್ಲೋರಿಡಾದ ಪೆನ್ಸಕೋಲಾಕ್ಕೆ ಹೋಗಿ, ಅಲ್ಲಿ ಮುಳುಗಿಸಿರುವ ಒರಿಸ್ಕನಿ ಹಡಗಿನ ಮೇಲೆ ಡೈವ್ ಮಾಡಬೇಕು ಅಂತಿದ್ದೀಯ. ಖಂಡಿತ ಮಾಡು. ನಿನ್ನನ್ನು ತಡೆಯಲು ನಿನ್ನ ದೊಡ್ಡಪ್ಪ ಇದನ್ನು ಬರೆಯುತ್ತಿಲ್ಲ. ಚೆನ್ನಾಗಿ ನೋಡಿಕೊಂಡು, ಇನ್ನೊಂದು ಸಲ ಹೋಗುವ ಆಸೆ ಇಟ್ಟುಕೊಂಡು ವಾಪಸ್ ಬಾ ಎಂದೇ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಮುರುಡೇಶ್ವರಕ್ಕೆ ಬಂದು ನೀರಿಗಿಳಿಯುವ ನಿನ್ನ ಓರಗೆಯವರು ಈಗ ಬಹಳ ಮಂದಿ ಇದ್ದಾರೆ. ಅವರಿಗೂ ಈ ಮಾತು ಸಲ್ಲುತ್ತದೆ.

ಹೇಳಬೇಕಾದ್ದು ಒಂದೇ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ದೂರ, ಈ ಮೂರನ್ನೂ ದೋಣಿಯ ಮೇಲೆ ಕೂತಿರುವಾಗಲೇ ತೀರ್ಮಾನ ಮಾಡಿಬಿಡು. ನೀರಿಗಿಳಿದ ಮೇಲೆ ಅದನ್ನು ತಿದ್ದಬೇಡ. ತಿದ್ದಲೇಬೇಕಾಗಿ ಬಂದರೆ ಕಡಿಮೆ ಮಾಡುವ ಕಡೆಗೆ ಮಾತ್ರ ತಿದ್ದು, ಜಾಸ್ತಿ ಮಾಡುವ ಕಡೆಗೆ ಎಂದೂ ಬೇಡ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದು ಆ ಹಡಗನ್ನು ತಿಳಿದರೆ ಅರ್ಥವಾಗುತ್ತದೆ.

ಒರಿಸ್ಕನಿ ಅಮೆರಿಕದ ನೌಕಾಪಡೆಯ ವಿಮಾನವಾಹಕ ನೌಕೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1944ರಲ್ಲಿ, ನ್ಯೂಯಾರ್ಕಿನಲ್ಲಿ ಅದರ ಕೆಲಸ ಶುರುವಾಯಿತು. 1945ರ ಅಕ್ಟೋಬರಿನಲ್ಲಿ ನೀರಿಗೆ ಬಿಡುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಕೆಲಸ ಅರ್ಧಕ್ಕೆ ನಿಂತು, ಕೊನೆಗೆ 1950ರಲ್ಲಿ ಸೇವೆಗೆ ಸೇರಿತು. ಕೊರಿಯಾ ಯುದ್ಧ ನೋಡಿತು, ವಿಯೆಟ್ನಾಂ ಯುದ್ಧ ನೋಡಿತು. ಮುಂದೆ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಜಾನ್ ಮೆಕೇನ್ 1967ರ ಅಕ್ಟೋಬರ್ 26ರಂದು ಹನೋಯ್ ಮೇಲೆ ವಿಮಾನ ಹಾರಿಸಿ, ಹೊಡೆತ ತಿಂದು ಸೆರೆಸಿಕ್ಕಿದರಲ್ಲ, ಅವರ ವಿಮಾನ ಮೇಲೆದ್ದದ್ದು ಇದೇ ಡೆಕ್ಕಿನಿಂದ. 1976ರಲ್ಲಿ ಹಡಗು ನಿವೃತ್ತವಾಯಿತು. ಆಮೇಲೆ ಗುಜರಿಗೆ ಮಾರಾಟವಾಯಿತು, ಆ ವ್ಯವಹಾರ ಕೈಗೂಡದೆ ಮತ್ತೆ ಸರ್ಕಾರದ ಕೈಗೇ ಬಂತು. ಕೊನೆಗೆ ಇದನ್ನು ಮುಳುಗಿಸಿ ಮೀನುಗಳಿಗೆ ನೆಲೆ ಮಾಡೋಣ ಎಂದು ತೀರ್ಮಾನವಾದದ್ದು 2004ರಲ್ಲಿ.

ತೀರ್ಮಾನವಾದ ಮಾತ್ರಕ್ಕೆ ಮುಳುಗಿಸಲಿಲ್ಲ, ಇದನ್ನು ಗಮನಿಸು. ಎಣ್ಣೆ, ಇಂಧನ, ಕಲ್ನಾರು ಎಲ್ಲ ತೆಗೆದು ಹಡಗನ್ನು ತೊಳೆದರು. ವೈರುಗಳ ಹೊದಿಕೆಯಲ್ಲಿ ಸೇರಿಹೋಗಿದ್ದ ಪಿಸಿಬಿ ಎಂಬ ವಿಷವಸ್ತುವನ್ನು ಪೂರ್ತಿ ತೆಗೆಯುವುದು ಸಾಧ್ಯವಿರಲಿಲ್ಲ. ಉಳಿದದ್ದರಿಂದ ಮೀನಿಗೂ ಮೀನು ತಿನ್ನುವವರಿಗೂ ಎಷ್ಟು ಅಪಾಯ ಎಂದು ಲೆಕ್ಕ ಹಾಕಿ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲಿ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದಿನ ಹೆಜ್ಜೆ. ನಡುವೆ 2005ರ ಚಂಡಮಾರುತದ ಕಾಲ ಬಂತು, ಹಡಗನ್ನು ಟೆಕ್ಸಾಸಿಗೆ ಎಳೆದುಕೊಂಡು ಹೋಗಿ ಕಾದರು. 2006ರ ಮೇ 17ರಂದು, ಪೆನ್ಸಕೋಲಾದಿಂದ ದಕ್ಷಿಣಕ್ಕೆ ಸುಮಾರು 24 ಮೈಲಿ ದೂರದಲ್ಲಿ, ಎಲ್ಲೆಲ್ಲಿ ಸಿಡಿಸಬೇಕೋ ಅಲ್ಲಲ್ಲೇ ಸಿಡಿಮದ್ದು ಇಟ್ಟು ಸಿಡಿಸಿದರು. 37 ನಿಮಿಷದಲ್ಲಿ ಹಿಂಭಾಗ ಮೊದಲಾಗಿ ಮುಳುಗಿ, 212 ಅಡಿ ಆಳದ ಮರಳಿನ ಮೇಲೆ ನೆಟ್ಟಗೆ ಕೂತಿತು. ಅದರಲ್ಲಿ ದುಡಿದಿದ್ದ ಹಳೆಯ ನಾವಿಕರು ಸುತ್ತ ದೋಣಿಗಳಲ್ಲಿ ನಿಂತು ನೋಡಿದರು. ಅರ್ಧ ಗಂಟೆಯ ಕೆಲಸಕ್ಕೆ ಎರಡು ವರ್ಷದ ತಯಾರಿ! ಅದರ ಮೇಲೆ ಸ್ವಲ್ಪ ಹೊತ್ತು ಇದ್ದು ಬರುವ ನೀನೂ ತಕ್ಕಮಟ್ಟಿಗಾದರೂ ತಯಾರಾಗಿ ಹೋಗಬೇಕಲ್ಲವೇ?

ಈಗ ಆಳದ ಲೆಕ್ಕಕ್ಕೆ ಬಾ. ಹಡಗಿನ ಉದ್ದ 900 ಅಡಿಗೂ ಹೆಚ್ಚು. ಡೆಕ್ಕಿನ ಮೇಲೆ ಎದ್ದು ನಿಂತ ಕಟ್ಟಡವನ್ನು ಐಲ್ಯಾಂಡ್ ಅನ್ನುತ್ತಾರೆ. ಕ್ಯಾಪ್ಟನ್ ನಿಂತು ಹಡಗು ನಡೆಸುತ್ತಿದ್ದ ಬ್ರಿಡ್ಜ್ ಇರುವುದು ಅದರಲ್ಲೇ. ಅದರ ನೆತ್ತಿ ಈಗ ಸುಮಾರು 80 ಅಡಿಯಲ್ಲಿ ಸಿಗುತ್ತದೆ. ವಿಮಾನ ಇಳಿಯುತ್ತಿದ್ದ ಫ್ಲೈಟ್ ಡೆಕ್ ಇರುವುದು 145 ಅಡಿಯಲ್ಲಿ. ಮುಳುಗಿಸಿದ ಹೊಸದರಲ್ಲಿ ಅದು 135 ಅಡಿಯಲ್ಲಿತ್ತು. 2008ರ ಗುಸ್ಟಾವ್ ಚಂಡಮಾರುತದಲ್ಲಿ ಹಡಗು ಹತ್ತಡಿಯಷ್ಟು ಮರಳಿಗೆ ಇಳಿಯಿತು. ಹಳೆಯ ಪುಸ್ತಕದ ಅಂಕಿಯನ್ನು ನಂಬಿಕೊಂಡು ಹೋಗಬೇಡ. ನಿನ್ನ ಅಡ್ವಾನ್ಸ್ಡ್ ಕಾರ್ಡಿನ ಮಿತಿ 100 ಅಡಿ, ಅಂದರೆ 30 ಮೀಟರ್. ಡೀಪ್ ತರಬೇತಿ ಮಾಡಿದವರಿಗೂ ಹವ್ಯಾಸಿ ಡೈವಿಂಗಿನ ಕಟ್ಟಕಡೆಯ ಮಿತಿ 130 ಅಡಿ. ಅಂದಮೇಲೆ ಆ ಡೆಕ್ಕು ನಿನ್ನದಲ್ಲ. ಅದು ಟೆಕ್ನಿಕಲ್ ಡೈವಿಂಗ್ ಕಲಿತು, ಬೇರೆ ಗ್ಯಾಸು, ಬೇರೆ ಸಿಲಿಂಡರು ಕಟ್ಟಿಕೊಂಡು ಇಳಿಯುವವರದ್ದು. ನಿನ್ನ ಪಾಲಿಗೆ ಬಂದಿರುವುದು ಐಲ್ಯಾಂಡಿನ ಮೇಲಿನ ಭಾಗ.

ಮೋಸ ಇರುವುದು ಇಲ್ಲೇ. ಅಲ್ಲಿನ ನೀರು ಒಳ್ಳೆಯ ದಿನದಲ್ಲಿ ಬಹಳ ತಿಳಿಯಾಗಿರುತ್ತದೆ. ಐಲ್ಯಾಂಡಿನ ಪಕ್ಕ ನಿಂತು ಕೆಳಗೆ ನೋಡಿದರೆ ಡೆಕ್ಕು ಚಾಪೆ ಹಾಸಿದ ಹಾಗೆ ಕಾಣುತ್ತದೆ. ಇಷ್ಟೇ ತಾನೇ, ಮುಟ್ಟಿ ಬಂದುಬಿಡೋಣ ಅನ್ನಿಸುತ್ತದೆ. ಆ ಅನ್ನಿಸಿಕೆ ಪೂರ್ತಿ ನಿನ್ನದಲ್ಲ ಎಂಬುದು ನೆನಪಿರಲಿ. 30 ಮೀಟರಿನಿಂದಾಚೆಗೆ ಸಾರಜನಕ ತಲೆಗೇರುತ್ತದೆ. ಕೋರ್ಸಿನಲ್ಲಿ ನಾರ್ಕೋಸಿಸ್ ಎಂದು ಓದಿದ್ದೀಯಲ್ಲ, ಅದು. ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತದೆ. ಕೆಲವರಿಗೆ ಭಯ, ಕೆಲವರಿಗೆ ವಿನಾಕಾರಣ ಖುಷಿ, ಕೆಲವರಿಗೆ ಗೇಜು ನೋಡಿದರೂ ಅಂಕಿ ತಲೆಗೆ ಹೋಗುವುದಿಲ್ಲ. ತಮಾಷೆಯ ವಿಷಯವಲ್ಲ, ಮಗಳೇ. ತೀರ್ಮಾನ ಮಾಡುವ ಬುದ್ಧಿಯೇ ಮಂಕಾದಾಗ, ತಾನು ಸರಿಯಾಗಿದ್ದೇನೆ ಎಂದೇ ಅದು ಹೇಳುತ್ತದೆ. ಅದಕ್ಕೇ ಹೇಳಿದ್ದು, ತೀರ್ಮಾನ ದೋಣಿಯ ಮೇಲೆಯೇ ಆಗಿರಲಿ, ನೀರಿನೊಳಗೆ ಅದನ್ನು ಪಾಲಿಸುವ ಕೆಲಸವಷ್ಟೇ ಉಳಿಯಲಿ. ತಲೆ ಮಂಕಾಯಿತು ಅನ್ನಿಸಿದರೆ ಐದಾರು ಮೀಟರ್ ಮೇಲಕ್ಕೆ ಬಾ, ತಿಳಿಯಾಗುತ್ತದೆ. ಆಗದಿದ್ದರೆ ಜೊತೆಗಾರರಿಗೆ ಹೆಬ್ಬೆರಳು ತೋರಿಸಿ ಡೈವ್ ಮುಗಿಸು.

ಇನ್ನು ಗಾಳಿಯ ಲೆಕ್ಕ. ಒಂದು ಕಾಗದ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕು. ನೀನು ಹಾಕಿಕೊಳ್ಳುವ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಜಾಗ ಸುಮಾರು 11 ಲೀಟರ್. 200 ಬಾರ್ ತುಂಬಿದರೆ 2,200 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತೀಯ ಅಂತಿಟ್ಟುಕೋ. 30 ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು, ಹಾಗಾಗಿ ನಿಮಿಷಕ್ಕೆ 80 ಲೀಟರ್ ಖರ್ಚು. ಈಗ ಉಳಿಸಬೇಕಾದ್ದು ಎಷ್ಟು? ಅಷ್ಟು ಆಳದಲ್ಲಿ ನಿನ್ನ ಜೊತೆಗಾರರ ರೆಗ್ಯುಲೇಟರ್ ಕೈಕೊಟ್ಟಿತು ಅಂತ ಯೋಚಿಸು. ಇಬ್ಬರೂ ನಿನ್ನ ಒಂದೇ ಸಿಲಿಂಡರಿನಿಂದ, ಗಾಬರಿಯಲ್ಲಿ ಜೋರಾಗಿ ಉಸಿರಾಡುತ್ತ, ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬರಬೇಕು. ಅದಕ್ಕೇ ಸಾವಿರ ಲೀಟರಿನಷ್ಟು ಬೇಕು, ಅಂದರೆ 90 ಬಾರ್‌ನ ಆಸುಪಾಸು. ಹೀಗಾಗಿ 100 ಬಾರ್ ಕಂಡ ಕೂಡಲೇ ದೋಣಿಯ ಹಗ್ಗದ ಕಡೆ ತಿರುಗಬೇಕು. ಖರ್ಚಿಗೆ ಸಿಕ್ಕಿದ್ದು ಅರ್ಧ ಸಿಲಿಂಡರ್, 1,100 ಲೀಟರ್. ನಿಮಿಷಕ್ಕೆ 80ರಂತೆ ಭಾಗಿಸಿದರೆ ಬರುವುದು ಸುಮಾರು ಹದಿನಾಲ್ಕು ನಿಮಿಷ.

ಆ ಹದಿನಾಲ್ಕು ನಿಮಿಷವನ್ನು ಹಡಗಿನ ಪಕ್ಕ ಇಟ್ಟು ನೋಡು. ನಿಧಾನವಾಗಿ ಫಿನ್ ಬಡಿಯುತ್ತ ನಿಮಿಷಕ್ಕೆ 50 ಅಡಿ ಹೋದರೆ, 900 ಅಡಿಯ ಹಡಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಲು ಹದಿನೆಂಟು ನಿಮಿಷ ಬೇಕು. ಅದೂ ಹೋಗುವುದಕ್ಕೆ ಮಾತ್ರ. ವಾಪಸ್ ಬರುವ ಲೆಕ್ಕ ಇನ್ನೂ ಹಿಡಿದೇ ಇಲ್ಲ. ಒಂದೇ ಡೈವಿನಲ್ಲಿ ಒರಿಸ್ಕನಿಯನ್ನು ನೋಡಿಬಿಡುತ್ತೇನೆ ಅನ್ನುವುದು ಲೆಕ್ಕಕ್ಕೇ ಕೂಡಿಬರದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮವರು ಹೇಳಿದ್ದು ಇಂಥದ್ದಕ್ಕೇ. ಬೇಕಾದರೆ ದೊಡ್ಡ ಸ್ಟೀಲ್ ಸಿಲಿಂಡರ್ ಬಾಡಿಗೆಗೆ ಕೇಳು, ಆದರೆ ಹೆಚ್ಚಿಗೆ ಸಿಕ್ಕ ಗಾಳಿಯನ್ನು ಆಪತ್ತಿಗೆ ಇಟ್ಟುಕೋ, ದೂರ ಹೋಗುವುದಕ್ಕೆ ಖರ್ಚು ಮಾಡಬೇಡ. ಗಾಳಿ ಉಳಿದಿದ್ದರೂ ಇನ್ನೊಂದು ಮಿತಿ ಇದೆ. 30 ಮೀಟರಿನಲ್ಲಿ ಡಿಕಂಪ್ರೆಷನ್ ನಿಲುಗಡೆ ಇಲ್ಲದೆ ಇರಬಹುದಾದ ಸಮಯ, ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಕೋಷ್ಟಕದಲ್ಲಿ ಇಪ್ಪತ್ತೇ ನಿಮಿಷ.

ನೀನು ಕಲಿತದ್ದು ಮೀಟರಿನಲ್ಲಿ, ಬಾರ್‌ನಲ್ಲಿ. ಅಲ್ಲಿ ಬಾಡಿಗೆಗೆ ಸಿಗುವ ಗೇಜುಗಳು ಹೆಚ್ಚಾಗಿ ಅಡಿ ಮತ್ತು ಪಿಎಸ್‌ಐ ತೋರಿಸುತ್ತವೆ. ಹಿಂದಿನ ರಾತ್ರಿಯೇ ಬರೆದಿಟ್ಟುಕೋ: 3,000 ಪಿಎಸ್‌ಐ ಅಂದರೆ 200 ಬಾರ್ ಹತ್ತಿರ, 1,500 ಅಂದರೆ 100 ಬಾರ್, 500 ಅಂದರೆ 35 ಬಾರ್. ಆಳದಲ್ಲಿ ತಲೆ ಮಂದವಾಗಿರುವಾಗ ಭಾಗಾಕಾರ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡ. ನಿನ್ನ ಟರ್ನ್ ಪ್ರೆಶರ್, ಅಂದರೆ ಹಿಂದಿರುಗಬೇಕಾದ ಅಂಕಿ, 1,500 ಎಂದು ಮೊಣಕೈ ಕೆಳಗಿನ ಸ್ಲೇಟಿನಲ್ಲಿ ಬರೆದುಕೋ, ಜೊತೆಗಾರರಿಗೂ ತೋರಿಸು.

ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಮಿಶ್ರಣ ಬಳಸುವ ಕಾರ್ಡ್ ಇದೆ ಎಂದೂ ಹೇಳಿದ್ದೀಯ. ಒಳ್ಳೆಯದೇ, ಅಷ್ಟು ಆಳದಲ್ಲಿ ಸಮಯ ಹೆಚ್ಚು ಸಿಗುತ್ತದೆ. ಆದರೆ 32 ಪರ್ಸೆಂಟ್ ಆಮ್ಲಜನಕದ ಮಿಶ್ರಣ ತುಂಬಿಸಿಕೊಂಡರೆ 111 ಅಡಿಯ ಕೆಳಗೆ ನಿನಗೆ ಜಾಗವಿಲ್ಲ. ಅದೇ ಸಿಲಿಂಡರ್ ಕಟ್ಟಿಕೊಂಡು 145 ಅಡಿಯ ಡೆಕ್ಕಿಗೆ ಇಳಿದರೆ ಆಮ್ಲಜನಕವೇ ವಿಷವಾಗಬಹುದು. ಮುನ್ಸೂಚನೆಯಿಲ್ಲದೆ ಫಿಟ್ಸ್ ಬಂದು ಬಾಯಿಂದ ರೆಗ್ಯುಲೇಟರ್ ಜಾರಿದರೆ ಆಮೇಲೆ ಯಾರೂ ಏನೂ ಮಾಡಲಾಗದು. ಅಂಗಡಿಯವರು ಎಷ್ಟೇ ನಂಬಿಕಸ್ಥರಾಗಿರಲಿ, ಸಿಲಿಂಡರನ್ನು ಅನಲೈಸರಿಗೆ ಹಿಡಿದು ನೀನೇ ಅಳೆ. ಟೇಪಿನ ಮೇಲೆ ಅಂಕಿ ಬರೆದು ನೀನೇ ಸಹಿ ಹಾಕು.

ಹಡಗಿನ ಒಳಗೆ ಹೋಗುವ ವಿಚಾರದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಐಲ್ಯಾಂಡಿನ ಮೇಲ್ಭಾಗದಲ್ಲಿ ಈ ಕಡೆಯಿಂದ ಆ ಕಡೆಗೆ ಬೆಳಕು ಹಾಯುವ ಕೋಣೆಗಳಿವೆ. ಕಿಟಕಿಯ ಹೊರಗಿನಿಂದ ಇಣುಕಿದರೆ ಎಲ್ಲ ಕಾಣುತ್ತದೆ, ಅಷ್ಟು ಸಾಕು. ಬೆಳಕು ಕಾಣದ ಬಾಗಿಲು, ಏಣಿ, ಕೆಳಕ್ಕಿಳಿಯುವ ಕಿಂಡಿ ಯಾವುದನ್ನೂ ದಾಟಬೇಡ. ಒಳಗೆ ತುಕ್ಕಿನ ಪುಡಿ, ಕೆಸರು ಪದರಪದರವಾಗಿ ಕೂತಿರುತ್ತದೆ. ನೀನು ಏನನ್ನೂ ಮುಟ್ಟದಿದ್ದರೂ ನಿನ್ನ ಉಸಿರಿನ ಗುಳ್ಳೆ ಚಾವಣಿಗೆ ಬಡಿದರೆ ಸಾಕು, ತುಕ್ಕು ಉದುರಿ, ಬಂದ ದಾರಿಯೇ ಕಾಣದಂತಾಗುತ್ತದೆ. ಫ್ಲೋರಿಡಾದ ಕೀ ಲಾರ್ಗೋ ಬಳಿ 2002ರಲ್ಲಿ ಮುಳುಗಿಸಿದ ಸ್ಪೀಗಲ್ ಗ್ರೋವ್ ಎಂಬ 510 ಅಡಿಯ ನೌಕಾಪಡೆಯ ಹಡಗಿದೆ. 2007ರ ಮಾರ್ಚಿನಲ್ಲಿ ಅದರ ಒಳಗೆ ಆಳಕ್ಕೆ ಹೋದ ಮೂವರು ಜೀವಂತ ಹೊರಬರಲಿಲ್ಲ. ಅವರು ಹೊಸಬರೇನೂ ಆಗಿರಲಿಲ್ಲ, ಅನುಭವಿಗಳು. ಹಡಗಿನೊಳಗೆ ಹೋಗುವುದು ಬೇರೆಯೇ ವಿದ್ಯೆ. ದಾರಿಗೆ ದಾರ ಕಟ್ಟಿಕೊಂಡು ಹೋಗುವುದು, ಕಣ್ಣು ಮುಚ್ಚಿ ಆ ದಾರವನ್ನು ಸವರುತ್ತ ಹೊರಬರುವುದು, ಒಳಗೆ ಹೋಗಲು ಗಾಳಿಯ ಮೂರನೇ ಒಂದು ಪಾಲನ್ನಷ್ಟೇ ಬಳಸುವುದು, ಇವನ್ನೆಲ್ಲ ಗುರುವಿನ ಬಳಿ ಕಲಿತ ಮೇಲೆ ಆ ಬಾಗಿಲ ಬಗ್ಗೆ ಯೋಚಿಸೋಣ.

ಬೇಡ ಬೇಡ ಅಂತಲೇ ಹೇಳುತ್ತಿದ್ದಾನೆ ಅಂದುಕೊಳ್ಳಬೇಡ. ನಿನಗೆ ಸಿಗುವ ಆ ಸ್ವಲ್ಪ ಹೊತ್ತಿನಲ್ಲಿ ನೋಡಲು ಎಷ್ಟಿದೆ ಗೊತ್ತೇ? ದೋಣಿಯಿಂದ ಕಟ್ಟಿದ ಹಗ್ಗ ಹಿಡಿದು ಇಳಿಯುವಾಗ ಮೊದಲು ಬರೀ ನೀಲಿ. ಕೆಳಗೆ ಏನೋ ಕಪ್ಪಗೆ ಇದೆ ಅನ್ನಿಸಿ, ನೋಡುನೋಡುತ್ತಿದ್ದಂತೆ ಅದಕ್ಕೆ ಅಂಚು ಮೂಡುತ್ತದೆ, ಮೂಲೆ ಮೂಡುತ್ತದೆ. ನೆತ್ತಿ ತಲುಪಿದ ಮೇಲೆ ಅವಸರ ಮಾಡದೆ ಒಂದು ನಿಮಿಷ ಅಲ್ಲೇ ತೇಲು. ಕಿವಿ, ಮಾಸ್ಕ್, ಗಾಳಿ, ಜೊತೆಗಾರರು ಎಲ್ಲ ಸರಿಯಿದೆಯೇ ನೋಡಿಕೋ. ಆಮೇಲೆ ಒಂದೇ ಒಂದು ಗೋಡೆಯನ್ನು ಆರಿಸಿಕೊಂಡು ಅಂಗೈ ಅಗಲದ ಜಾಗವನ್ನು ಹತ್ತಿರದಿಂದ ನೋಡು. ಒಂದು ಕಾಲಕ್ಕೆ ಬೂದುಬಣ್ಣ ಬಳಿದಿದ್ದ ಉಕ್ಕು ಅದು. ಈಗ ಅದರ ಮೇಲೆ ಬಾರ್ನಕಲ್ ಚಿಪ್ಪು, ಚಿಪ್ಪಿನ ಮೇಲೆ ಕಿತ್ತಳೆ ಬಣ್ಣದ ಸ್ಪಂಜು, ಅದರ ಸಂದಿನಲ್ಲಿ ಬೆರಳುದ್ದದ ಒಂದು ಮೀನು ತಲೆ ಮಾತ್ರ ಹೊರಗಿಟ್ಟು ನಿನ್ನನ್ನೇ ನೋಡುತ್ತಿರುತ್ತದೆ.

ಇದೆಲ್ಲ ಅಲ್ಲಿಗೆ ಹೇಗೆ ಬಂತು ಎಂಬುದನ್ನು ತಿಳಿದು ನೋಡಿದರೆ ಇನ್ನೂ ಚೆಂದ. ಆ ಕಡೆಯ ಸಮುದ್ರತಳ ಬಹುಪಾಲು ಬರೀ ಮರಳು, ಸಪಾಟು. ನೀರಿನಲ್ಲಿ ತೇಲುವ ಚಿಪ್ಪುಜೀವಿಗಳ, ಸ್ಪಂಜುಗಳ, ಹವಳಗಳ ಮರಿಗಳಿಗೆ ಕಚ್ಚಿಕೊಳ್ಳಲು ಗಟ್ಟಿಯಾದ ಜಾಗ ಬೇಕು, ಮರಳಿನಲ್ಲಿ ಅದು ಸಿಗುವುದಿಲ್ಲ. ಹಡಗು ಕೂತ ಮೇಲೆ ಸಿಕ್ಕಿತು. ಅವು ಬಂದವು, ಅವನ್ನು ತಿನ್ನುವ ಸಣ್ಣ ಮೀನು ಬಂದವು, ಸಣ್ಣದನ್ನು ಹಿಡಿಯುವ ಅಂಬರ್‌ಜಾಕ್, ಬರಾಕುಡಾ, ನಮ್ಮ ಕಡೆ ಕೆಂಬೇರಿ ಅನ್ನುವ ಜಾತಿಗೆ ಸೇರಿದ ರೆಡ್ ಸ್ನ್ಯಾಪರ್ ಬಂದವು. ಎತ್ತರದ ಹಡಗು ಪ್ರವಾಹಕ್ಕೆ ಅಡ್ಡ ನಿಂತದ್ದರಿಂದ ಅದರ ಮರೆಯಲ್ಲಿ ಮೀನಿನ ಹಿಂಡಿಗೆ ನೆಮ್ಮದಿಯ ತಾಣವಾಯಿತು. ಸಿಂಹಮೀನು ಅಥವಾ ಲಯನ್‌ಫಿಶ್ ಕೂಡ ಕಾಣುತ್ತದೆ. ಅದು ನಮ್ಮ ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯದು, ಮನುಷ್ಯರ ಕೈಯಿಂದ ತಪ್ಪಿ ಅಟ್ಲಾಂಟಿಕ್ ಸೇರಿ ಅಲ್ಲಿನ ಮರಿಮೀನುಗಳನ್ನೆಲ್ಲ ತಿಂದು ತೇಗುತ್ತಿದೆ. ಅದರ ಮುಳ್ಳಿನಲ್ಲಿ ವಿಷವಿದೆ. ಎಲ್ಲೂ ಕೈ ಊರುವ ಮುಂಚೆ ಕಣ್ಣಿಟ್ಟು ನೋಡು. ಮೀನುಗಾರರ ತುಂಡಾದ ಗಾಳದ ದಾರವೂ ಹಡಗಿಗೆ ಸುತ್ತಿಕೊಂಡಿರುತ್ತದೆ, ಅದನ್ನು ಕತ್ತರಿಸುವ ಕಟ್ಟರ್ ಕೈಗೆಟುಕುವ ಕಡೆ ಇರಲಿ.

ಇನ್ನೊಂದು ಮಾತು. ಅದು ಮನುಷ್ಯರು ಬದುಕಿ, ಸತ್ತ ಹಡಗು. 1966ರ ಅಕ್ಟೋಬರ್ 26ರಂದು ವಿಯೆಟ್ನಾಂ ಬಳಿಯ ಸಮುದ್ರದಲ್ಲಿ, ಸಾಗಿಸುತ್ತಿದ್ದ ಒಂದು ಮೆಗ್ನೀಷಿಯಂ ಫ್ಲೇರ್ ಇದ್ದಕ್ಕಿದ್ದಂತೆ ಹೊತ್ತಿಕೊಂಡಿತು. ಗಾಬರಿಯಲ್ಲಿ ಅದನ್ನು ಸಮುದ್ರಕ್ಕೆ ಎಸೆಯುವ ಬದಲು ಉಳಿದ ಫ್ಲೇರ್‌ಗಳಿದ್ದ ಲಾಕರಿಗೇ ಎಸೆದರು. ಬೆಂಕಿ, ಹೊಗೆ ಒಳಗೆಲ್ಲ ಹಬ್ಬಿ 44 ಮಂದಿ ಸತ್ತರು. ಆ ಕ್ಷಣದಲ್ಲಿ ಅಲ್ಲಿದ್ದವರನ್ನು ದೂರುವ ಅಧಿಕಾರ ನಮಗಿಲ್ಲ. ಗಾಬರಿಯಾದ ಕೈ ಹತ್ತಿರ ಕಂಡದ್ದನ್ನು ಮಾಡುತ್ತದೆ ಎಂಬುದನ್ನು ಮಾತ್ರ ತಿಳಿದುಕೊಳ್ಳೋಣ. ನೀರಿನೊಳಗೆ ಗಾಬರಿಯಾದ ಕೈ ಮೇಲಕ್ಕೆ ದೌಡಾಯಿಸುತ್ತದೆ, ಮಾಸ್ಕ್ ಕಿತ್ತೆಸೆಯುತ್ತದೆ. ಅದಕ್ಕೆ ಮದ್ದು ಮುಂಚಿತ ಅಭ್ಯಾಸ. ಮಾಸ್ಕಿನ ನೀರು ತೆಗೆಯುವುದು, ಗಾಳಿ ಹಂಚಿಕೊಳ್ಳುವುದು, ಎಸ್‌ಎಂಬಿ ಎಂಬ ಗುರುತಿನ ಬಲೂನು ಮೇಲಕ್ಕೆ ಬಿಡುವುದು ಇವನ್ನು ಹೋಗುವ ಮುಂಚೆ ಈಜುಕೊಳದಲ್ಲಿ ಮತ್ತೆ ಮತ್ತೆ ಮಾಡು. ಮತ್ತೆ, ಆ ಹಡಗಿನಿಂದ ಒಂದು ಮೊಳೆಯನ್ನೂ ನೆನಪಿಗೆಂದು ಕೀಳಬೇಡ. ಸತ್ತವರ ಮನೆಯವರು, ಅವರ ಜೊತೆ ದುಡಿದವರು ಇನ್ನೂ ಇದ್ದಾರೆ.

ಸುತ್ತಮುತ್ತಲ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಬೇಸಿಗೆಯ ನೀರು ಬೆಚ್ಚಗಿದ್ದು ಹಿತವಾಗಿದ್ದರೂ ಟಿಕೆಟ್ ಬದಲಿಸುವ ಅವಕಾಶ ಇಟ್ಟುಕೊಂಡು ಬುಕ್ ಮಾಡು. ಅಲ್ಲಿಗೆ ದೋಣಿಯಲ್ಲಿ ದೂರದ ದಾರಿ. ವಾಂತಿಯ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ ಹಿಂದಿನ ರಾತ್ರಿಯೇ ತೆಗೆದುಕೋ, ಮೊದಲೊಂದು ದಿನ ನೆಲದ ಮೇಲೆ ನುಂಗಿ ನೋಡು. ಅಲ್ಲಿ ಇಳಿದ ಮಾರನೇ ದಿನವೇ ಒರಿಸ್ಕನಿಗೆ ಹೋಗಬೇಡ, ಪೆನ್ಸಕೋಲಾ ಸುತ್ತ ಕಡಿಮೆ ಆಳದಲ್ಲಿ ಮುಳುಗಿದ ಹಡಗುಗಳಿವೆ, ಮೊದಲು ಅಲ್ಲಿ ಕೈ ಪಳಗಿಸಿಕೋ. ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ವಿಮೆ ಮಾಡಿಸು, ಡಿಕಂಪ್ರೆಷನ್ ಚೇಂಬರಿನ ಖರ್ಚು ಸಣ್ಣದಲ್ಲ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಕೂಡದು. ನೀನು ಪೂರ್ತಿ ಒಂದು ದಿನವೇ ಬಿಡು.

ಕೊನೆಯದಾಗಿ, ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಕೊಡದೆ ಡೈವ್ ನಿಲ್ಲಿಸಬಹುದು ಎಂಬುದು ಡೈವರ್‌ಗಳು ಎಲ್ಲ ಕಡೆ ಒಪ್ಪಿಕೊಂಡ ನಿಯಮ. ಅಷ್ಟು ದೂರ ಬಂದೆ, ಅಷ್ಟು ದುಡ್ಡು ಕೊಟ್ಟೆ, ದೋಣಿಯಲ್ಲಿ ಉಳಿದವರು ಏನಂದುಕೊಂಡಾರು, ಈ ಮೂರು ಯೋಚನೆಗಳು ನಿನ್ನನ್ನು ನೀರಿಗೆ ನೂಕುವುದಕ್ಕೆ ಬಿಡಬೇಡ. ಮನಸ್ಸು ಒಪ್ಪದಿದ್ದರೆ ಇವತ್ತು ಬೇಡ ಅನ್ನು. ನಿನ್ನ ಜೊತೆಗಾರರು ಹಾಗಂದರೆ ಮುಖ ಸಣ್ಣ ಮಾಡದೆ ಒಪ್ಪಿಕೋ, ಅವರಿಗೆ ಒಂದು ಥ್ಯಾಂಕ್ಸ್ ಹೇಳು.

ಮುಗಿಸಿ ದಡಕ್ಕೆ ಬಂದ ಮೇಲೆ ಫೋನ್ ಮಾಡು. ಎಷ್ಟು ಆಳಕ್ಕೆ ಹೋಗಿದ್ದೆ ಎಂದು ನಾನು ಕೇಳುವುದಿಲ್ಲ. ಗಾಳಿಯ ಗೇಜು ಎಷ್ಟು ತೋರಿಸುತ್ತಿದ್ದಾಗ ಹಗ್ಗದ ಕಡೆ ತಿರುಗಿದೆ ಎಂದು ಕೇಳುತ್ತೇನೆ. ಸಾವಿರದ ಐನೂರು ಅಂದರೆ ಸಾಕು, ಮುಂದಿನ ಡೈವಿಗೆ ನಿನ್ನ ಜೊತೆ ನಾನೂ ಬರುತ್ತೇನೆ.

ಪ್ರೀತಿಯಿಂದ,
ನಿನ್ನ ದೊಡ್ಡಪ್ಪ